ಬಾಳೆನಾರಿನ ಹಾರ

ಬೊಮ್ಮಸಂದ್ರ, ವಿಜಯದಶಮಿಯ ಮರುದಿನ

ಸೋದರತ್ತೆಗೆ ಹರಿಣಿಯ ನಮಸ್ಕಾರ.

ಹೊಸ ಕೆಲಸ ಹಿಡಿಸಿದೆ. ಬಾಣಂತಿಯರು ನಂಬಿ ಕೊಟ್ಟ ಹೊಕ್ಕುಳಬಳ್ಳಿಯ ರಕ್ತದಲ್ಲಿ ಪ್ಲಾಸ್ಟಿಕ್ ಕಣಗಳಿವೆಯೇ ಎಂದು ನಮ್ಮ ಲ್ಯಾಬಿನಲ್ಲಿ ಹುಡುಕುತ್ತೇವೆ. ಆಯುಧಪೂಜೆಗೆ ಎಲ್ಲರೂ ಸೇರಿ, ಕಾಗದದ್ದೆಂದುಕೊಂಡು, ಮಿರಿಮಿರಿ ಮಿಂಚುವ ತೋರಣವನ್ನು ಮೈಕ್ರೋಸ್ಕೋಪಿಗೆ ಸುತ್ತಿದರು. ನಾನು ನೀವು ಕಲಿಸಿದಂತೆ ಬಾಳೆನಾರಿನಲ್ಲಿ ಸೇವಂತಿಗೆ ಕಟ್ಟಿ ಬಾಗಿಲಿನ ಮೇಲೆ ಹಾಕಿದೆ.

ರಕ್ತ ನೋಡುವ ಮೊದಲು ಬರೀ ಶುದ್ಧ ನೀರನ್ನು ಸೋಸಿ ನೋಡುವುದು ಇಲ್ಲಿನ ರೂಢಿ. ಇವತ್ತು ಆ ನೀರಿನ ತುಂಬ ಬಂಗಾರ ಬಣ್ಣದ ಪ್ಲಾಸ್ಟಿಕ್ ಚೂರುಗಳು! ಎಲ್ಲ ತೋರಣದ್ದೇ. ನೀರು ನೋಡದಿದ್ದರೆ ನಮ್ಮ ಹಬ್ಬವನ್ನೇ ಕೂಸುಗಳ ರಕ್ತದಲ್ಲಿ ಎಣಿಸಿಬಿಡುತ್ತಿದ್ದೆವು.

ನಮ್ಮ ಮುಖ್ಯಸ್ಥೆ ಪ್ರಭಾ ಮೇಡಂ ತೋರಣ ಕಿತ್ತು ಹಾಕಿಸಿ, ಲ್ಯಾಬನ್ನೆಲ್ಲ ಒರೆಸಿಸಿದರು. ನನ್ನ ಹಾರವನ್ನು ತಿರುಗಿಸಿ ನೋಡಿ, "ನೈಲಾನ್ ದಾರಾನೇ ಇಲ್ವಲ್ಲಮ್ಮ! ಯಾರು ಕಲ್ಸಿದ್ದು?" ಎಂದರು. ನಿಮ್ಮ ಹೆಸರು ಹೇಳಿದೆ. "ಮುಂದಿನ್ ವರ್ಷ ಎಲ್ಲಾ ಹಾರಾನೂ ನೀನೇ ಕಟ್ಟು" ಎಂದರು.

ನಾನು ರೂಮು ಮಾಡಿರುವ ಹೆಬ್ಬಗೋಡಿಯ ನೀರು ಈಗ ಒಗ್ಗಿದೆ, ನೆಗಡಿಯೂ ಬಿಟ್ಟಿತು. ನಿಮ್ಮ ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ.

ನಾರು ಬೆರಳು ಕೊಯ್ಯುತ್ತದೆಂದು ನಾನು ಅತ್ತಾಗಲೂ ನೀವು ಬಿಡದೆ ಕಟ್ಟಿಸಿದಿರಿ. ಈಗ ಲ್ಯಾಬಿನ ಬಾಗಿಲಿನ ಮೇಲೆ ಉಳಿದಿರುವುದು ಆ ಹಾರ ಒಂದೇ.

ಬಸ್ಸು ಬಂತು.
ಹರಿಣಿ