ಸಿಗ್ನಲ್ ತಪ್ಪಿಸಿ ಬಂದ ದಾರಿ

ಝೆ-ಯುವಾನ್ ಅಣ್ಣಾ,

ನನಗೆ ಸ್ಕೂಟರ್ ಲೈಸೆನ್ಸ್ ಸಿಕ್ಕಿತು. ಪರೀಕ್ಷೆಯಲ್ಲಿ ಎರಡು ಗೆರೆಗಳ ನಡುವೆ ಆಮೆಯಂತೆ ಹೋಗಬೇಕು, ಚಕ್ರ ಗೆರೆಗೆ ತಾಗಿದರೆ ಗಂಟೆ ಹೊಡೆಯುತ್ತದೆ, ಅಲ್ಲಿಗೆ ನಾಪಾಸು, ನಿನಗೆ ಗೊತ್ತಲ್ಲ. ಹೋದ ವಾರ ಅದು ಹೊಡೆದಾಗ ಬೇಲಿಯಾಚೆ ನಿಂತಿದ್ದ ಅಮ್ಮನ ಮುಖ ಅರಳಿತ್ತು. “ಹೋಗ್ಲಿ ಬಿಡೇ, ನಮ್ಮ ಜಿಯಾಯಿ ಊರಲ್ಲಿ ಬಸ್ಸಿಗೇನು ಬರವಾ?” ಅಂದಿದ್ದಳು.

ಇವತ್ತೂ ನಾನು ಗೆರೆಯನ್ನೇ ನೋಡುತ್ತಿದ್ದೆ. “ಗೆರೆ ನೋಡ್ಬೇಡಮ್ಮಾ, ದೂರ ನೋಡು,” ಎಂದರು ಪರೀಕ್ಷಕರು. ದೂರದಲ್ಲಿ ಅಮ್ಮ ಕಣ್ಣು ಮುಚ್ಚಿ ನಿಂತಿದ್ದಳು. ಅವಳನ್ನೇ ನೋಡುತ್ತ ದಾಟಿಬಿಟ್ಟೆ.

ಮನೆಗೆ ಬರುವಾಗ ಹಿಂದೆ ಕೂತ ಅಮ್ಮ ನನ್ನ ಅಂಗಿ ಹಿಡಿದೇ ಇದ್ದಳು. ಆ ರಾತ್ರಿ ನನ್ನನ್ನು ಕರೆತರಲು ಹೊರಟ ನಿನ್ನ ಸ್ಕೂಟರ್ ಬಿದ್ದಿದ್ದ ಸಿಗ್ನಲ್ ಕಂಡಿತು; ಅಲ್ಲಿಂದ ನೀನು ಮನೆಗೆ ಬರಲೇ ಇಲ್ಲ. ಅವಳ ಮುಷ್ಟಿ ಬಿಗಿಯಾಯಿತು. ಸಿಗ್ನಲ್ ಬರುವ ಮೊದಲೇ ಬಲಕ್ಕೆ ತಿರುಗಿಸಿ ಊರು ಸುತ್ತಿ ಬಂದೆ.

ಇನ್ನು ಟೀ ಅಂಗಡಿಯಲ್ಲಿ ನನ್ನ ಕೆಲಸ ಮುಗಿದ ಮೇಲೆ ಕರೆತರಲು ಯಾರೂ ಹೊರಡಬೇಕಾಗಿಲ್ಲ, ಅಣ್ಣಾ.