ಹುಡುಕಯ್ಯನಿಗೆ ಕಾಲು ಬಂದದ್ದು

ಗಲ್ಲಾ ಮೇಜಿನ ಹಿಂದೆ ಕೂತ ನನ್ನ ಮಾವನಿಗೆ,

ಹನ್ನೆರಡನೇ ಕ್ಲಾಸಿನ ಕೊನೆಯ ಪೇಪರ್ ಮುಗಿಸಿ ಹೊರಗೆ ಬಂದಾಗ ಹಾಸ್ಟೆಲ್ ಗೇಟಿನ ಹತ್ತಿರ ಅಪ್ಪ ನಿಂತಿದ್ದರು. ಅಪ್ಪ ಬರುವವರಲ್ಲ, ಬರುವುದು ಯಾವಾಗಲೂ ನೀವು. ಆಗಲೇ ನನಗೆ ಗೊತ್ತಾಗಬೇಕಿತ್ತು. ಕಾರು ಘಾಟಿ ಇಳಿದ ಮೇಲೆ ಹೇಳಿದರು. ನೀವು ತೀರಿಹೋಗಿ, ಕ್ರಿಯೆಯೆಲ್ಲ ಮುಗಿದು, ನಿಮ್ಮ ಕೋಣೆಗೆ ಸುಣ್ಣವೂ ಬಳಿದಾಗಿತ್ತು. "ಪರೀಕ್ಷೆ ಇತ್ತಲ್ಲ ಮಗಾ, ಡಿಸ್ಟರ್ಬ್ ಆಗಬಾರದು ಅಂತ." ನೀವಿಲ್ಲದ ಲೋಕದಲ್ಲಿ ನಾನು ಮಾರ್ಜಿನ್ ಎಳೆದು, ಉತ್ತರದ ಕೆಳಗೆ ಗೆರೆ ಹಾಕಿ, ಎಕ್ಸ್‌ಟ್ರಾ ಶೀಟ್ ಕೇಳುತ್ತಿದ್ದೆ. ಒಳ್ಳೆಯ ಮಾರ್ಕು ಬಂತು. ನೋಡು, ಹೇಳದೆ ಇದ್ದದ್ದೇ ಒಳ್ಳೆಯದಾಯಿತು ಎಂದು ಈಗಲೂ ಎಲ್ಲರೂ ಹೇಳುತ್ತಾರೆ. ಯಾರಿಗೆ ಒಳ್ಳೆಯದಾಯಿತು, ಮಾವ?

ಪುರಸೈವಾಕ್ಕಂನ ನಮ್ಮ ಹೋಟೆಲಿನಲ್ಲಿ ನಾನು ಕಳೆದ ರಜೆಯ ಮಧ್ಯಾಹ್ನಗಳು ನೆನಪಾಗುತ್ತವೆ. ಸೀರೆ ಅಂಗಡಿಯಿಂದ ಬಂದ ಹೆಂಗಸರು ಬ್ಯಾಗುಗಳನ್ನು ಮೇಜಿನ ಕೆಳಗೆ ತುರುಕಿ ಕಾಫಿ ಕುಡಿಯುವ ಹೊತ್ತು. ನೀವು ಚಿಲ್ಲರೆ ಕೊಡುತ್ತಲೇ ಹಳೇ ಬಿಲ್ಲುಗಳ ಹಿಂಬದಿಯಲ್ಲಿ ಹುಡುಕಯ್ಯನನ್ನು ಬರೆಯುತ್ತಿದ್ದಿರಿ. ಬೋಳು ತಲೆ, ಗುಂಡು ಹೊಟ್ಟೆ, ಸುಡು ಬಿಸಿಲಿನಲ್ಲೂ ಮಡಚಿ ಹಿಡಿದ ಒಂದು ಕೊಡೆ. ಊರಿನವರು ಕಳೆದುಕೊಂಡದ್ದನ್ನು ಹುಡುಕಿಕೊಡುವುದೇ ಅವನ ಉದ್ಯೋಗ. ಬೆಕ್ಕು, ಹಲ್ಲಿನ ಸೆಟ್ಟು, ಒಮ್ಮೆ ಒಬ್ಬ ಅಜ್ಜಿಯ ಸಿಟ್ಟು. ಮಕ್ಕಳ ಮಾಸಿಕವೊಂದು ಅದನ್ನು ವರ್ಷಗಟ್ಟಲೆ ಅಚ್ಚು ಹಾಕಿತು. ಕನ್ನಡದಲ್ಲಿ ಹುಡುಕಯ್ಯ, ತಮಿಳಿನಲ್ಲಿ ತೇಡಪ್ಪನ್. ಬರೆದವರ ಹೆಸರನ್ನು ಮಾತ್ರ ಎರಡರಲ್ಲೂ ಹಾಕಲಿಲ್ಲ. ಹಾಸ್ಟೆಲಿನಲ್ಲಿ ಇಂಗ್ಲಿಷ್ ಬಿಟ್ಟು ಮಾತಾಡಿದರೆ ಫೈನು ಹಾಕುತ್ತಿದ್ದ ಕಾಲದಲ್ಲಿ ನಾನು ಕನ್ನಡ ಓದಲು ಕಲಿತದ್ದೇ ಅವನ ಬಾಯಿಂದ ಹೊರಟ ಮಾತಿನ ಗುಳ್ಳೆಗಳಲ್ಲಿ. ಒಂದು ದಿನ ಕೇಳಿದೆ, ಮಾವ, ಇವನಿಗೆ ಕಾಲೇ ಇಲ್ಲವಾ ಎಂದು. ಯಾವ ಚಿತ್ರದಲ್ಲಿ ನೋಡಿದರೂ ಅವನು ತಳ್ಳುಗಾಡಿಯ ಹಿಂದೆ, ದೋಣಿಯ ಅಂಚಿನ ಆಚೆ, ಇಲ್ಲವೇ ಮೊಣಕಾಲಿಗೇ ಚೌಕ ಮುಗಿದುಹೋಗಿರುತ್ತಿತ್ತು. ನೀವು ತಲೆ ಎತ್ತಲಿಲ್ಲ. "ಜಾಗ ಸಾಲುದಿಲ್ಲ ಮಾರಾಯ್ತಿ." ನಾನು ನಂಬಿದೆ.

ಮದುವೆಗಳಲ್ಲಿ ನಿಮ್ಮನ್ನು ಬಾಗಿಲ ಪಕ್ಕ, ಪನ್ನೀರು ಕಲ್ಲುಸಕ್ಕರೆ ಇಟ್ಟ ಮೇಜಿನ ಹಿಂದೆ ಕೂರಿಸುತ್ತಿದ್ದರಲ್ಲ. ಗೌರವದ ಕೆಲಸವಂತೆ. ಎಲ್ಲರೂ ಊಟಕ್ಕೆ ಹೋದ ಮೇಲೆಯೇ ನೀವು ಏಳುತ್ತಿದ್ದಿರಿ. ಚಿಕ್ಕಂದಿನಲ್ಲಿ ಪೋಲಿಯೊ ತಿಂದ ಕಾಲು. ಮನೆಯಲ್ಲಿ ಆ ಶಬ್ದವನ್ನು ಯಾರೂ ಹೇಳಲಿಲ್ಲ. ಹೇಳದಿರುವುದೇ ದಾಕ್ಷಿಣ್ಯ ಅಂದುಕೊಂಡಿದ್ದರು. ಆ ನಡಿಗೆಯನ್ನು ನಾನು ಚೆನ್ನಾಗಿ ನೋಡಿದ್ದು ಒಂದೇ ಕಡೆ, ಬಸ್‌ಸ್ಟಾಪಿನಿಂದ ಹಾಸ್ಟೆಲ್ ಗೇಟಿಗೆ ಬರುವ ಏರಿನಲ್ಲಿ. ನಾನು ಸರಳು ಹಿಡಿದು ನಿಂತಿರುತ್ತಿದ್ದೆ. ಒಂದು ಕಾಲು ನೇರ ಬರುತ್ತಿತ್ತು. ಇನ್ನೊಂದು ಹೊರಗಿನಿಂದ ಅರ್ಧ ಸುತ್ತು ಹಾಕಿ, ನೆಲ ಇದೆಯೋ ಇಲ್ಲವೋ ಎಂದು ವಿಚಾರಿಸಿ, ಆಮೇಲೆ ಊರುತ್ತಿತ್ತು. ಹೊರಡುವ ಹೊತ್ತಿಗೆ ಮಾತ್ರ, "ಒಳಗೆ ಹೋಗು ಮಗಾ, ಬೆಲ್ ಆಯ್ತು." ಬೆಲ್ ಆಗಿರುತ್ತಿರಲಿಲ್ಲ. ನಾನು ಒಳಗೆ ಹೋಗುತ್ತಿದ್ದೆ. ನೀವು ಬರುವುದನ್ನಷ್ಟೇ ನೋಡಿದವಳು ನಾನು. ಹೋಗುವುದನ್ನು ಒಮ್ಮೆಯೂ... ಕೊನೆಯ ಸಲ ಕೂಡ.

ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹುಡುಕಯ್ಯನ ಬೋಳು ತಲೆ ಕಂಡ ದಿನ ಅಲ್ಲೇ ನಿಂತು ಎರಡು ಸಲ ಓದಿದೆ. ಊರಿನ ಒಂದು ಬೊಂಬೆಯಾಟದ ತಂಡ ತೇಡಪ್ಪನ್ ಕಥೆಗಳನ್ನು ನಾಟಕ ಮಾಡುತ್ತಿದೆ, ವಿದ್ಯಾರ್ಥಿಗಳು ಬೇಕು ಎಂದಿತ್ತು. ನಿರ್ದೇಶಕ ಕದಿರ್ ಅಣ್ಣನಿಗೆ ಎಲ್ಲ ಹೇಳಿಬಿಡಬೇಕು ಎಂದೇ ಹೋದೆ. ಅಷ್ಟರಲ್ಲಿ ಯಾರೋ ಇದನ್ನು ಬರೆದದ್ದು ಯಾರು ಎಂದು ಕೇಳಿದರು. ಚಿತ್ರಗಳೆಲ್ಲ ಮ್ಯಾಗಜೀನಿನ ಆಸ್ತಿ, ಅದರ ಮಾಲೀಕರ ಮಗನ ಹತ್ತಿರ ಪರ್ಮಿಶನ್ ತಗೊಂಡಾಗಿದೆ, ಆರ್ಟಿಸ್ಟುಗಳು ಬರುತ್ತಾರೆ ಹೋಗುತ್ತಾರೆ ಎಂದ ಕದಿರ್ ಅಣ್ಣ. ಹೇಳಲು ಬಂದದ್ದನ್ನು ಹೇಳದೆ ನಾನು ಸಾಲಿನ ಕೊನೆಗೆ ಹೋಗಿ ನಿಂತೆ. ಹಾಸ್ಟೆಲಿನಲ್ಲಿ ಬೆಳೆದವರಿಗೆ ಒಂದು ವಿದ್ಯೆ ಚೆನ್ನಾಗಿ ಬರುತ್ತದೆ, ಲೈನಿನಲ್ಲಿ ನಿಂತು ಕೊಟ್ಟದ್ದನ್ನು ತೆಗೆದುಕೊಳ್ಳುವುದು. ನನಗೆ ಕೊಟ್ಟದ್ದು ಕಾಲು. ನಿಮ್ಮ ಹುಡುಕಯ್ಯ ಈಗ ಒಂದು ಆಳಿನ ಅರ್ಧ ಎತ್ತರದ ಬೊಂಬೆ, ಅವನನ್ನು ಆಡಿಸಲು ಮೂರು ಜನ. ತಲೆ ಮತ್ತು ಬಲಗೈ ಸೀನಿಯರ್ ರೇವತಿ ಅಕ್ಕನದು, ಎಡಗೈ ಸುಹೇಲನದು. ಹೊಸಬರಿಗೆ ಕಾಲು. ಕಪ್ಪು ಬಟ್ಟೆ, ಕಪ್ಪು ಮುಸುಕು ಹಾಕಿ, ಉದ್ದ ಮೇಜಿನ ಹಿಂದೆ ಬಗ್ಗಿ, ಹಿಮ್ಮಡಿಯ ಗೂಟ ಹಿಡಿದು ನಡೆಸಬೇಕು.

ಮೊದಲ ರಿಹರ್ಸಲಿನಲ್ಲೇ ಕದಿರ್ ಅಣ್ಣ ಹಳೇ ಸಂಚಿಕೆಗಳನ್ನೆಲ್ಲ ಹರಡಿಕೊಂಡು ತಲೆ ಕೆರೆದುಕೊಂಡ. "ಎಪ್ಪಡಿ ನಡಪ್ಪಾನ್ ಇವನ್?" ಹೇಗೆ ನಡೆಯುತ್ತಾನೆ ಇವನು? ಯಾವ ಚಿತ್ರದಲ್ಲೂ ಪಾದವಿಲ್ಲವಲ್ಲ! ಬಾತುಕೋಳಿಯ ಹಾಗೆ ನಡೆಸು, ಮಕ್ಕಳು ನಗುತ್ತಾರೆ ಎಂದ. ನಡೆಸಿದೆ. ವಾರಗಟ್ಟಲೆ ಬಾತುಕೋಳಿ. ಆಮೇಲೆ ಪೋಸ್ಟರ್ ಬಂತು. ಮ್ಯಾಗಜೀನಿನ ಹೆಸರಿತ್ತು, ತಂಡದ ಹೆಸರಿತ್ತು, ಬೊಂಬೆಗೆ ಅಂಗಿ ಹೊಲಿದವರ ಹೆಸರೂ ಇತ್ತು. ಧೈರ್ಯ ಮಾಡಿ, ಬರೆದವರ ಹೆಸರು ಎಲ್ಲಿ ಎಂದು ಕೇಳಿದೆ. ಥ್ಯಾಂಕ್ಸಲ್ಲಿ ಹೇಳೋಣ, ರಿಮೈಂಡ್ ಮಾಡು ಎಂದು ಫೋನ್ ಎತ್ತಿಕೊಂಡ. ಹೆಸರೇನು ಎಂದು ಕೇಳಲಿಲ್ಲ. ಆ ಕ್ಷಣಕ್ಕೆ ನನಗೆ ಅನಿಸಿತು, ಇಡೀ ನಾಟಕದಲ್ಲಿ ನನ್ನ ಕೈಯಲ್ಲಿ ಇರುವುದು ಅವನ ಎರಡು ಕಾಲು. ಹಾಗಿದ್ದರೆ ಅಲ್ಲೇ ನಿಮ್ಮನ್ನು...

ರಾಯಪುರಂನ ಹಳೇ ಗೋಡೌನಿನಲ್ಲಿ ಮೊದಲ ಶೋ. ಬಾಗಿಲು ತೆರೆದರೆ ಒಣಮೀನಿನ ವಾಸನೆ, ಹಾರ್ಬರಿನ ಲಾರಿಗಳ ಸದ್ದು. ಅಮ್ಮ ಬಂದಿದ್ದಳು. ಅಪ್ಪನಿಗೆ ಹೋಟೆಲ್ ಬಿಡಲು ಆಗಲಿಲ್ಲ, ಗಲ್ಲಾದಲ್ಲಿ ಕೂರುವವರು ಈಗ ಯಾರೂ ಇಲ್ಲವಲ್ಲ. ಅಜ್ಜಿಯ ಸಿಟ್ಟನ್ನು ಡಬ್ಬಿಯಲ್ಲಿ ಹಿಡಿದುಕೊಂಡು ಹುಡುಕಯ್ಯ ವಾಪಸು ಕೊಡಲು ಹೊರಡುವ ದೃಶ್ಯ. ಮೇಜಿನ ಆ ತುದಿಯಿಂದ ಈ ತುದಿಯವರೆಗೆ ಅವನು ಒಬ್ಬನೇ ನಡೆಯಬೇಕು. ತಂಡದಿಂದ ತೆಗೆದುಹಾಕಿದರೆ? ಅಮ್ಮ ಎದ್ದು ಹೋದರೆ? ನೀವೇ ಬೇಡ ಅಂದಿದ್ದರೆ? ಒಂದು ಕಾಲನ್ನು ನೇರ ಇಟ್ಟೆ. ಇನ್ನೊಂದನ್ನು ಹೊರಗಿನಿಂದ ಅರ್ಧ ಸುತ್ತು ಹಾಕಿಸಿ, ತಡೆದು, ಊರಿದೆ. ಮುಸುಕಿನೊಳಗಿಂದ ರೇವತಿ ಅಕ್ಕ, "ಎನ್ನಡಿ ಪಣ್ರೆ?" ಏನೇ ಮಾಡ್ತಿದ್ದೀಯ, ಎಂದು ಪಿಸುಗುಟ್ಟಿದಳು. ನಾನು ನಿಲ್ಲಿಸಲಿಲ್ಲ. ಮೂರನೇ ಹೆಜ್ಜೆಗೆ ಅವಳ ಕೈ ತಾನಾಗಿಯೇ ಇಳಿಯಿತು, ಹುಡುಕಯ್ಯನ ಭುಜ ಬಾಗಿ ಎದ್ದಿತು. ನೀವೇ, ಮಾವ. ಮುಂದಿನ ಚಾಪೆಯ ಮಕ್ಕಳು ನಕ್ಕರು. ಒಬ್ಬ ಎದ್ದು ಹಾಗೆಯೇ ನಡೆದು ತೋರಿಸಿದ. ಈ ನಗುವಿಗೆ ಹೆದರಿ ತಾನೇ ನೀವು ಅಷ್ಟು ವರ್ಷ ಜಾಗ ಸಾಲುವುದಿಲ್ಲ ಎಂದದ್ದು? ಅದನ್ನು ನಾನು ಟಿಕೆಟ್ ಇಟ್ಟು ತೋರಿಸಿದೆನಾ?

ಶೋ ಮುಗಿದು ದೀಪ ಹತ್ತಿದಾಗ ಕದಿರ್ ಅಣ್ಣನ ಮುಖ ನೋಡಲು ಹೆದರಿಕೊಂಡು ಗೂಟ ಒರೆಸುತ್ತ ಕೂತಿದ್ದೆ. ಅವನು ಯಾರೋ ದೊಡ್ಡವರ ಜೊತೆ ಮಾತಾಡುತ್ತಿದ್ದ. "ಆ ನಡಿಗೆ ಕಂಡುಹಿಡಿಯೋಕೆ ನಮಗೆ ತುಂಬಾ ಟೈಮ್ ಹಿಡೀತು ಸಾರ್." ಆಮೇಲೆ ನನ್ನ ಕಡೆ ತಿರುಗಿ, ಮುಂದಿನ ಶೋಗೂ ಅದೇ ಇರಲಿ ಎಂದು ಹೆಬ್ಬೆರಳು ಎತ್ತಿದ. ಥ್ಯಾಂಕ್ಸಲ್ಲಿ ನಿಮ್ಮ ಹೆಸರು ಹೇಳಿರಲಿಲ್ಲ. ಮೊದಲು ಚಿತ್ರ, ಈಗ ಕಾಲೂ ಅವರದೇ ಆಯಿತು. ನಾನು ಗೂಟ ಒರೆಸುತ್ತಲೇ ಇದ್ದೆ.

ಬೀಚ್ ಸ್ಟೇಷನ್ನಿನಿಂದ ತಾಂಬರಂ ಟ್ರೇನಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತು ಹೊರಗೇ ನೋಡುತ್ತಿದ್ದಳು. ಎಗ್ಮೋರ್ ಹೋಯಿತು, ಮಾಂಬಲಂ ಹೋಯಿತು. ತನ್ನ ಅಣ್ಣನ ಮಾನ ತೆಗೆದೆ ಎನ್ನುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಗಿಂಡಿ ದಾಟಿದ ಮೇಲೆ ಹೇಳಿದಳು.

"ಕಾಲು ತಪ್ಪು."

ನಾನು ಅವಳ ಕಡೆ ತಿರುಗಿದೆ.

"ಅಣ್ಣಯ್ಯಂದು ಬಲಗಾಲು. ನೀನು ಎಡಗಾಲು ಎಳೆಸಿದೆ." ಆಮೇಲೆ ಹೊರಗೆ ನೋಡುತ್ತಲೇ, "ಹುಡುಕಯ್ಯ ಕೊಡೆ ಎಡಗೈಯಲ್ಲಿ ಯಾಕೆ ಹಿಡೀತಿದ್ದ ಅಂದ್ಕೊಂಡಿ? ಬಲಗಾಲಿಗೆ ಬಲ ಇಲ್ಲದಿದ್ರೆ ಊರುಗೋಲು ಎಡಕ್ಕೇ ಬೇಕು. ನಾವೆಲ್ಲ ಜೀವಮಾನ ಇಡೀ ನೋಡದ ಹಾಗೆ ಮಾಡಿದ್ವಿ. ನೀನಾದ್ರೂ ಸರಿಯಾಗಿ ನೋಡಿ ಮಾಡುದಲ್ವಾ?"

ಮನೆಗೆ ಬಂದು ಹಳೇ ಸಂಚಿಕೆಗಳನ್ನು ತೆಗೆದೆ. ಪ್ರತಿ ಚೌಕದಲ್ಲೂ ಕೊಡೆ ಎಡಗೈಯಲ್ಲೇ ಇತ್ತು, ಒಂದು ಕಡೆಯೂ ತಪ್ಪಿಲ್ಲ. ಕಾಲು ಬರೆಯಲಿಲ್ಲ, ಊರುಗೋಲನ್ನು ಎಲ್ಲರ ಕಣ್ಣೆದುರಿಗೇ ಬರೆದಿರಿ. ನಾವು ಅದನ್ನು ಜೋಕು ಅಂದುಕೊಂಡೆವು. ತಂಡದವರು ರೇವತಿ ಅಕ್ಕನಿಗೆ ಸುಲಭವೆಂದು ಬೊಂಬೆಯ ಬಲಗೈಗೆ ಕೊಡೆ ಕಟ್ಟಿದಾಗ ನನಗೂ ಗೊತ್ತಾಗಲಿಲ್ಲ. ನೀವು ನನಗೆ ಎದುರಾಗಿ ಬರುತ್ತಿದ್ದಿರಿ, ನಿಮ್ಮ ಬಲಗಾಲು ನನ್ನ ಎಡಗೈ ಕಡೆಗೆ. ಬೊಂಬೆಯ ಹಿಂದೆ ನಿಂತವಳು ಅದನ್ನು ಎಡಕ್ಕೇ ಹಾಕಿದೆ. ಹೋಗುವಾಗ ಒಂದು ಸಲ, ಒಂದೇ ಸಲ, ಬೆನ್ನ ಹಿಂದಿನಿಂದ ನೋಡಲು ಬಿಟ್ಟಿದ್ದರೆ ನನಗೆ ಗೊತ್ತಿರುತ್ತಿತ್ತು. ನಿಮ್ಮ ಮೇಲೂ ನನಗೆ ಸಿಟ್ಟಿದೆ, ಮಾವ. ಅದನ್ನು ಯಾವ ಡಬ್ಬಿಯಲ್ಲಿ ಹಾಕಲಿ?

ನಿನ್ನೆ ಕದಿರ್ ಅಣ್ಣನ ಹತ್ತಿರ ಹೋಗಿ, ಕಾಲು ಬದಲಾಗಬೇಕು, ಕೊಡೆ ಎಡಗೈಗೆ ಬರಬೇಕು ಎಂದೆ.

"ಯಾರಿಗಮ್ಮಾ ಗೊತ್ತಾಗುತ್ತೆ?"

"ಅವರ ತಂಗಿಗೆ ಗೊತ್ತಾಯಿತು."

"ಯಾರ ತಂಗಿಗೆ?"

"ಬರೆದವರ ತಂಗಿಗೆ. ನನ್ನ ಅಮ್ಮನಿಗೆ."

ಬರೆದವರಿಗೆ ತಂಗಿ ಇರಬಹುದು ಎಂದು ಅವನು ಯಾವತ್ತೂ ಯೋಚಿಸಿರಲಿಲ್ಲ ಅಂತ ಕಾಣುತ್ತದೆ. ನಿಮ್ಮ ಹೆಸರು ಹೇಳಿದೆ, ಅವನು ಕೇಳದಿದ್ದರೂ. ಪೋಸ್ಟರ್ ಪ್ರಿಂಟ್ ಆಗಿಹೋಗಿದೆ ಎಂದ. ಸಾರಿ ಅನ್ನಲಿಲ್ಲ. ಕೊಡೆಯನ್ನು ಮಾತ್ರ ಸುಹೇಲನ ಕೈಗೆ ಕೊಡಿಸಿದ. ಹೆಸರಿಗಾಗಿ ನಾನು ಮತ್ತೆ ಹೋಗುತ್ತೇನೆ, ಮತ್ತೆ ಮತ್ತೆ ಹೋಗುತ್ತೇನೆ.

ಶನಿವಾರ ಎರಡನೇ ಶೋ. ಅಮ್ಮ ಮತ್ತೆ ಬರುತ್ತಾಳೆ. ಈ ಸಲ ಬಲಗಾಲು. ಮಕ್ಕಳು ನಕ್ಕರೂ ಮೇಜಿನ ಕೊನೆಯವರೆಗೆ ನಿಧಾನವಾಗಿಯೇ ನಡೆಸುತ್ತೇನೆ. ಕಾಲು ಹಿಡಿದವಳಿಗೆ ಬೊಂಬೆಯ ಮುಖ ಕಾಣುವುದಿಲ್ಲ, ಬೆನ್ನು ಮಾತ್ರ ಕಾಣುತ್ತದೆ. ಬೆಲ್ ಆಯ್ತು, ಒಳಗೆ ಹೋಗು ಎಂದು ನೀವು ಎಷ್ಟು ಹೇಳಿದರೂ ನಾನು ಹೋಗುವುದಿಲ್ಲ. ನೀವು ಹೋಗುವುದನ್ನು ಪೂರ್ತಿ ನೋಡುತ್ತೇನೆ.

ಗೇಟಿನ ಸರಳು ಇನ್ನೂ ಬಿಡದ
ನಿಮ್ಮ ಸೊಸೆ