ಹೊಸ ಗಂಟೆಯ ಮೇಲಿನ ಸಾಲು

ಐಫೆಲ್ ಬೆಟ್ಟಸೀಮೆ, ಮಾರ್ಚ್ ೧೯೨೨

ಪೂಜ್ಯ ಫಾದರ್ ಲಾಂಬರ್ಟ್ ಅವರಿಗೆ,

ಇಗರ್ಜಿಯ ಹೊಸ ಗಂಟೆಯ ಎರಕಕ್ಕೆಂದು ನಾನು ಕೊಟ್ಟ ಕಂಚಿನ ಕುಟ್ಟಾಣಿಯನ್ನು ದಯವಿಟ್ಟು ವಾಪಸ್ ಕಳಿಸಿ. ಗಂಟೆ ಬೇಡವೆಂದಲ್ಲ. ಹಳೆಯದನ್ನು ನಮ್ಮ ಸರ್ಕಾರದವರೇ ಫಿರಂಗಿ ಮಾಡಲು ಒಯ್ದಿದ್ದರಿಂದ, ನನ್ನ ಹಿರಿಯ ಮಗ ಆಂಟನ್ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ಬಾರಿಸಲು ಊರಲ್ಲಿ ಗಂಟೆಯೇ ಇರಲಿಲ್ಲ.

ನಿನ್ನೆ ಕ್ನೀಪ್ ಮೇಷ್ಟ್ರು ಹೊಸ ಗಂಟೆಯ ಮೇಲೆ ಬರೆಸುವ ಸಾಲನ್ನು ಎಲ್ಲರೆದುರು ಓದಿದರು: ‘ಕಸಿದುಕೊಂಡದ್ದನ್ನು ನಮ್ಮ ಮಕ್ಕಳು ಮರಳಿ ತರುವರು.’

“ಯಾರ ಮಕ್ಕಳು ಮೇಷ್ಟ್ರೇ? ನಿಮಗಂತೂ ಇಲ್ಲ,” ಅಂದೆ.

“ಶಾಂತಿ ಒಪ್ಪಂದ, ಸೋತೋರು ಕೊಡ್ಬೇಕಾದ ದಂಡ ಅಂತ ನಿನ್ನ ಹಸೂನೂ ಹೊಡ್ಕೊಂಡು ಹೋದ್ರಲ್ಲ ವಾಲ್‌ಬುರ್ಗಾ, ನಿಂಗೆ ರಕ್ತ ಕುದಿಯಲ್ವಾ?”

ಕುದಿಯುತ್ತದೆ ಸ್ವಾಮಿ. ಫ್ರಾನ್ಸಿಗೆ ಹೋಗುವ ರೈಲಿಗೆ ಹತ್ತಿಸುವಾಗ ಹಸು ತಿರುಗಿ ನೋಡಿ ಕೂಗಿದ್ದು ಇನ್ನೂ ಕಿವಿಯಲ್ಲಿದೆ. ವರ್ಸೇಲ್ಸ್‌ನಲ್ಲಿ ಒಪ್ಪಂದದ ಷರತ್ತು ಹಾಕಿದವರಿಗೆ ನಮ್ಮ ಕೊಟ್ಟಿಗೆಯ ಸುದ್ದಿ ಏನು ಗೊತ್ತು? ಆದರೆ ರಾತ್ರಿ ಊಟಕ್ಕೆ ಕೂತಾಗ, ಉಳಿದಿರುವ ನನ್ನ ಒಬ್ಬನೇ ಮಗ ಪೌಲ್, ಹಾಲಿಲ್ಲದ ಗಂಜಿ ಕಲಕುತ್ತಾ, “ಅಳ್ಬೇಡಮ್ಮ, ದೊಡ್ಡೋನಾದ್ಮೇಲೆ ನಾನು ಹೋಗಿ ತರ್ತೀನಿ,” ಎಂದ. ಬೆಳಗಾದದ್ದೇ ಈ ಪತ್ರ ಬರೆಯಲು ಕೂತೆ.

ಆ ಸಾಲು ತೆಗೆದು ಬರೀ ಸಂತರ ಹೆಸರು ಬರೆಸುವುದಾದರೆ ಕುಟ್ಟಾಣಿ ನಿಮ್ಮಲ್ಲೇ ಇರಲಿ. ಆಗದು ಎನ್ನುವುದಾದರೆ ಇನ್ನೊಂದು ವಿನಂತಿ. ಹಳೆಯ ಗಂಟೆ ಇಳಿಸಲು ಗೋಪುರದ ಗೋಡೆ ಒಡೆದಿದ್ದರಲ್ಲ, ಹೊಸದನ್ನು ಏರಿಸಿದ ಮೇಲೂ ಆ ಕಂಡಿಯನ್ನು ಮುಚ್ಚಿಸಬೇಡಿ. ಇದನ್ನೂ ಇಳಿಸಲು ಬಂದಾಗ, ಮತ್ತೆ ಒಡೆಯುವ ಕೆಲಸ ತಪ್ಪೀತು.

ನಿಮ್ಮ ಆಶೀರ್ವಾದ ಬೇಡುವ,
ವಾಲ್‌ಬುರ್ಗಾ ಥೇಲೆನ್